ಕಾಂತೀಯ ಪದರಗಳ ಲೆಕ್ಕ ಲ್ಯಾಪ್‌ಟಾಪಿನಲ್ಲಿ: ಸಿಎಮ್‌ಟಿಜೆ ಹಾಕಿಕೊಂಡು ನಡೆಸುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಎಂ.ಎಸ್ಸಿ. ಭೌತಶಾಸ್ತ್ರ ಓದುವವರು ಪ್ರಾಜೆಕ್ಟಿಗೆ ಸ್ಪಿನ್‌ಟ್ರಾನಿಕ್ಸ್, ಅಂದರೆ ಎಲೆಕ್ಟ್ರಾನಿನ ಸ್ಪಿನ್ ಬಳಸುವ ವಿದ್ಯೆ, ತಗೊಳ್ಳೋಣ ಅಂದುಕೊಂಡರೆ ಮೊದಲ ವಾರವೇ ಒಂದು ಪ್ರಶ್ನೆ ಬಂದು ಅಡ್ಡ ನಿಲ್ಲುತ್ತದೆ. ಸ್ಯಾಂಪಲ್ ಎಲ್ಲಿ ಮಾಡಿಸೋದು? ಒಂದೆರಡು ನ್ಯಾನೋಮೀಟರ್ ದಪ್ಪದ ಲೋಹವನ್ನು ಪದರ ಪದರವಾಗಿ ಕೂರಿಸಲು ಸ್ಪಟರಿಂಗ್ ಯಂತ್ರ ಬೇಕು, ಒಳ್ಳೆಯ ನಿರ್ವಾತ ಬೇಕು. ನಮ್ಮ ಕಡೆಯ ಹೆಚ್ಚಿನ ಕಾಲೇಜುಗಳಲ್ಲಿ ಅದಿಲ್ಲ. ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು ಬರಲು ದುಡ್ಡು, ಸಮಯ, ಪರಿಚಯ ಮೂರೂ ಬೇಕಾಗುತ್ತದೆ.

ಆದರೆ ಈ ವಿಷಯದ ದೊಡ್ಡ ಪಾಲು ಲೆಕ್ಕದಲ್ಲೇ ಇದೆ. ಆ ಲೆಕ್ಕಕ್ಕೆ ದೊಡ್ಡ ಕಂಪ್ಯೂಟರ್ ಕೂಡ ಬೇಡ. ಮನೆಯಲ್ಲಿರುವ 4 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪ್ ಸಾಕು. ಸಿಎಮ್‌ಟಿಜೆ ಎಂಬ ಉಚಿತ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಸಂಗ್ರಹ, ಇದಕ್ಕೆಂದೇ ಇದೆ. ಪೋಲೆಂಡಿನ ಕ್ರಾಕೋವ್ ನಗರದ ಎಜಿಎಚ್ ವಿಶ್ವವಿದ್ಯಾಲಯದವರು ಮಾಡಿದ್ದು. ಒಳಗಿನ ಲೆಕ್ಕ ಸಿ++ ಭಾಷೆಯಲ್ಲಿದೆ, ನಾವು ಬರೆಯುವುದು ಪೈಥಾನ್‌ನಲ್ಲಿ. ಹಾಗಾಗಿ ವೇಗವೂ ಸಿಗುತ್ತದೆ, ಕಲಿಯಲೂ ಸುಲಭ.

ನಾನು ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಮಾತು. ಇಂಥ ಲೈಬ್ರರಿಗೆ ಏನೇ ಕೊಟ್ಟರೂ ಅದು ಉತ್ತರ ಕೊಡುತ್ತದೆ, ಚೆಂದದ ಗ್ರಾಫ್ ಕೂಡ ಬರುತ್ತದೆ. ಆ ಉತ್ತರ ಸರಿಯೋ ತಪ್ಪೋ ಅಂತ ಅದು ಹೇಳುವುದಿಲ್ಲ. ಆದ್ದರಿಂದ ಮೊದಲು ಕಾಗದದ ಮೇಲೆ ಕೈಯಲ್ಲೇ ಬಿಡಿಸಬಹುದಾದ ಲೆಕ್ಕ ಕೊಡಿ. ಎರಡೂ ತಾಳೆಯಾದರೆ ಮಾತ್ರ ಮುಂದಕ್ಕೆ ಹೋಗಿ.

ಪದರಗಳಲ್ಲಿ ಏನಿದೆ?

1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್ ಮತ್ತು ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ಅವರ ತಂಡಗಳು ಬೇರೆ ಬೇರೆಯಾಗಿ ಒಂದೇ ವಿಷಯವನ್ನು ಕಂಡುಕೊಂಡವು. ಕಬ್ಬಿಣದ ತೆಳು ಪದರಗಳ ನಡುವೆ ಕ್ರೋಮಿಯಂನ ತೆಳು ಪದರ ಇಟ್ಟರೆ, ಕಬ್ಬಿಣದ ಪದರಗಳ ಕಾಂತತೆ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಮುಖ ಮಾಡುತ್ತದೆ. ಆಗ ವಿದ್ಯುತ್ ಪ್ರತಿರೋಧ ಜಾಸ್ತಿ. ಹೊರಗಿನಿಂದ ಕಾಂತಕ್ಷೇತ್ರ ಕೊಟ್ಟು ಎಲ್ಲವನ್ನೂ ಒಂದೇ ಕಡೆ ತಿರುಗಿಸಿದರೆ ಪ್ರತಿರೋಧ ಇಳಿಯುತ್ತದೆ. ಫರ್ಟ್ ತಂಡದ ಅಳತೆಯಲ್ಲಿ, 4.2 ಕೆಲ್ವಿನ್ ತಾಪಮಾನದಲ್ಲಿ, ಅದು ಹತ್ತಿರ ಹತ್ತಿರ ಅರ್ಧಕ್ಕೇ ಇಳಿದಿತ್ತು. 2007ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಷ್ಟರಲ್ಲಿ ಹಾರ್ಡ್ ಡಿಸ್ಕ್ ಓದುವ ಹೆಡ್ಡಿನೊಳಗೆ ಈ ಪದರಗಳು ಸೇರಿ ಹತ್ತು ವರ್ಷವಾಗಿತ್ತು.

ನಡುವಿನ ಲೋಹದ ಬದಲು ಅವಾಹಕ ಇಟ್ಟರೆ ಅದು ಟನಲ್ ಜಂಕ್ಷನ್. ಕೋಣೆಯ ಉಷ್ಣತೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ 1995ರಲ್ಲಿ ತೋರಿಸಿದವರಲ್ಲಿ ಅಮೆರಿಕದ ಎಂಐಟಿಯ ಜಗದೀಶ್ ಮೂಡೇರ ಒಬ್ಬರು. ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು. ಅವರ ಮೊದಲ ಜಂಕ್ಷನ್‌ಗಳಲ್ಲಿ ಪ್ರತಿರೋಧದ ಬದಲಾವಣೆ ಶೇಕಡಾ 12ರ ಆಸುಪಾಸು. ಅವಾಹಕವಾಗಿ ಮೆಗ್ನೀಸಿಯಂ ಆಕ್ಸೈಡ್ ಬಂದ ಮೇಲೆ, 2004ರ ಹೊತ್ತಿಗೆ, ಅದು ಶೇಕಡಾ 200ರ ಹತ್ತಿರ ಹೋಯಿತು. ಈಗಿನ ಎಂರ‍್ಯಾಮ್ ಎಂಬ ಮೆಮೊರಿ ಚಿಪ್ ನಿಂತಿರುವುದು ಇದರ ಮೇಲೆಯೇ.

ಎರಡು ಕಾಂತೀಯ ಪದರಗಳ ನಡುವಿನ ಸೆಳೆತಕ್ಕೆ ಅಂತರಪದರ ಜೋಡಣೆ ಅನ್ನುತ್ತಾರೆ. ನಡುವಿನ ಲೋಹದ ದಪ್ಪ ಬದಲಾದರೆ ಇದರ ಚಿಹ್ನೆಯೇ ಬದಲಾಗುತ್ತದೆ. ಒಂದು ದಪ್ಪದಲ್ಲಿ ಪದರಗಳು ಒಂದೇ ಕಡೆ ನೋಡುತ್ತವೆ. ಸ್ವಲ್ಪ ದಪ್ಪ ಹೆಚ್ಚಿದರೆ ವಿರುದ್ಧ. ಇನ್ನೂ ಹೆಚ್ಚಿದರೆ ಮತ್ತೆ ಒಂದೇ ಕಡೆ. 1990ರಲ್ಲಿ ಸ್ಟುವರ್ಟ್ ಪಾರ್ಕಿನ್ ಮತ್ತು ಜೊತೆಗಾರರು ಐಬಿಎಂನಲ್ಲಿ ಇದನ್ನು ತೋರಿಸಿದರು. ಈ ಏರಿಳಿತದ ಅಂತರ ಸುಮಾರು 1 ನ್ಯಾನೋಮೀಟರ್. ಅಂದರೆ ಕೆಲವೇ ಪರಮಾಣುಗಳ ದಪ್ಪ. ಈ ಮಾತು ನೆನಪಿದ್ದರೆ ಸ್ಯಾಂಪಲ್ ಮಾಡುವವರು ದಪ್ಪದ ವಿಷಯದಲ್ಲಿ ಯಾಕಷ್ಟು ಹಟ ಹಿಡಿಯುತ್ತಾರೆ ಅಂತ ಗೊತ್ತಾಗುತ್ತದೆ.

ಲೈಬ್ರರಿ ಮಾಡುವ ಲೆಕ್ಕ

ಸಿಎಮ್‌ಟಿಜೆ ಪ್ರತಿಯೊಂದು ಪದರವನ್ನೂ ಒಂದೇ ಒಂದು ಬಾಣವಾಗಿ ನೋಡುತ್ತದೆ. ಪದರದ ಎಲ್ಲ ಪರಮಾಣುಗಳ ಕಾಂತತೆ ಒಟ್ಟಾಗಿ ಒಂದೇ ಕಡೆ ತಿರುಗುತ್ತದೆ ಎಂಬ ಊಹೆ ಅದು. ಇದಕ್ಕೆ ಮ್ಯಾಕ್ರೋಸ್ಪಿನ್ ಅನ್ನುತ್ತಾರೆ. ಎರಡು ಪದರ ಇದ್ದರೆ ಎರಡು ಬಾಣ, ಹತ್ತು ಇದ್ದರೆ ಹತ್ತು.

ಬಾಣದ ಮೇಲೆ ಹಲವು ಕ್ಷೇತ್ರಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಹೊರಗಿನಿಂದ ನಾವು ಕೊಡುವುದು ಒಂದು. ಪಕ್ಕದ ಪದರದ ಸೆಳೆತ ಇನ್ನೊಂದು. ಸ್ಫಟಿಕಕ್ಕೆ ಇಷ್ಟವಾದ ದಿಕ್ಕಿನ ಎಳೆತ, ಅಂದರೆ ಅನೈಸೊಟ್ರಪಿ, ಮತ್ತೊಂದು. ಇವುಗಳ ಜೊತೆಗೆ ಪದರದ ಆಕಾರದಿಂದಲೇ ಹುಟ್ಟುವ ಡೀಮ್ಯಾಗ್ನೆಟೈಸಿಂಗ್ ಕ್ಷೇತ್ರ ಇರುತ್ತದೆ. ತೆಳು ಪದರದಲ್ಲಿ ಬಾಣ ಮೇಲಕ್ಕೇಳಲು ಹೊರಟರೆ ಇದು ಅದನ್ನು ಮತ್ತೆ ಪದರದ ಮಟ್ಟಕ್ಕೇ ತಳ್ಳುತ್ತದೆ.

ಇಷ್ಟೂ ಸೇರಿದ ಕ್ಷೇತ್ರದ ಸುತ್ತ ಬಾಣ ವಾಲಿದ ಬುಗುರಿಯ ಹಾಗೆ ಸುತ್ತುತ್ತದೆ, ಸುತ್ತುತ್ತಲೇ ನಿಧಾನಕ್ಕೆ ಕ್ಷೇತ್ರದ ಕಡೆ ಬಂದು ಸೇರುತ್ತದೆ. ಈ ಚಲನೆಯ ಸಮೀಕರಣವನ್ನು 1935ರಲ್ಲಿ ಲ್ಯಾಂಡೌ ಮತ್ತು ಲಿಫ್ಶಿಟ್ಸ್ ಬರೆದರು. ಸುತ್ತು ಕುಗ್ಗುವ ಭಾಗವನ್ನು 1955ರಲ್ಲಿ ಗಿಲ್ಬರ್ಟ್ ತಿದ್ದಿ ಕೊಟ್ಟರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಎಲ್‌ಎಲ್‌ಜಿ ಅನ್ನುತ್ತಾರೆ. 1 ಟೆಸ್ಲಾ ಕ್ಷೇತ್ರದಲ್ಲಿ ಬಾಣ ಸೆಕೆಂಡಿಗೆ ಸುಮಾರು 2,800 ಕೋಟಿ ಸುತ್ತು ಹೊಡೆಯುತ್ತದೆ. ಒಂದು ಸುತ್ತಿಗೆ 36 ಪಿಕೋಸೆಕೆಂಡ್ ಆಯಿತು. ಹಾಗಾಗಿ ಲೆಕ್ಕದ ಒಂದೊಂದು ಹೆಜ್ಜೆ 1 ಪಿಕೋಸೆಕೆಂಡ್ ಅಥವಾ ಅದಕ್ಕಿಂತ ಚಿಕ್ಕದಿರಬೇಕು. ಹೆಜ್ಜೆ ಸಾಕಷ್ಟು ಚಿಕ್ಕದಿದೆಯೋ ಇಲ್ಲವೋ ಅಂತ ನೋಡಲು ಅದನ್ನು ಅರ್ಧ ಮಾಡಿ ಇನ್ನೊಮ್ಮೆ ಓಡಿಸಿ. ಉತ್ತರ ಬದಲಾಗದಿದ್ದರೆ ಸರಿ.

ಹಾಕಿಕೊಳ್ಳುವುದು

ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು ಅನ್ನೋದು ನಿಮಗೆ ಗೊತ್ತೇ ಇದೆ.

ಮೊದಲು ಪೈಥಾನ್ ಬೇಕು. ವಿಂಡೋಸ್‌ನಲ್ಲಿ ಹಾಕುವಾಗ ಪಾತ್‌ಗೆ ಸೇರಿಸಬೇಕೇ ಅಂತ ಕೇಳುವ ಚೌಕಕ್ಕೆ ಟಿಕ್ ಮಾಡಿ. ಇದನ್ನು ಬಿಟ್ಟವರೇ ಜಾಸ್ತಿ, ಆಮೇಲೆ ಪೈಥಾನ್ ಇದ್ದರೂ ಇಲ್ಲ ಅನ್ನುತ್ತದೆ. ಆಮೇಲೆ ಈ ಕೆಲಸಕ್ಕೇ ಬೇರೆ ಫೋಲ್ಡರ್ ಮಾಡಿ, ಅದರೊಳಗೆ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ: ಪೈಥಾನ್, ಡ್ಯಾಶ್ ಎಮ್, ವೆನ್ವ್, ನಂತರ ನೀವು ಇಡುವ ಹೆಸರು. ಇದು ದಂಡದ ಕೆಲಸ ಅನಿಸಬಹುದು. ಆದರೆ ಮುಂದೆ ಬೇರೆ ಪ್ರಾಜೆಕ್ಟಿಗೆ ಇನ್ನೇನೋ ಹಾಕಿದಾಗ ಇಲ್ಲಿಯದು ಕೆಡದೆ ಉಳಿಯುವುದು ಇದರಿಂದಲೇ. ಅದನ್ನು ಚಾಲೂ ಮಾಡಿ, ಪೈಥಾನ್, ಡ್ಯಾಶ್ ಎಮ್, ಪಿಪ್, ಇನ್‌ಸ್ಟಾಲ್, ಸಿಎಮ್‌ಟಿಜೆ ಅಂತ ಹೊಡೆಯಿರಿ. ಪಿಪ್ ಅಂದರೆ ಲೈಬ್ರರಿಗಳನ್ನು ತಂದು ಹಾಕುವ ಸಾಧನ. ಜೊತೆಗೆ ಲೆಕ್ಕಕ್ಕೆ ನಮ್‌ಪೈ, ಗ್ರಾಫಿಗೆ ಮ್ಯಾಟ್‌ಪ್ಲಾಟ್‌ಲಿಬ್ ಕೂಡ ಹಾಕಿ. ಬರೀ ಪಿಪ್ ಅನ್ನದೆ ಪೈಥಾನ್ ಡ್ಯಾಶ್ ಎಮ್ ಪಿಪ್ ಅಂದರೆ, ನೀವು ಓಡಿಸುವ ಪೈಥಾನ್‌ಗೇ ಲೈಬ್ರರಿ ಸೇರುತ್ತದೆ. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಮೂರು ಪೈಥಾನ್ ಇರುವುದು ಸಾಮಾನ್ಯ. ಲೈಬ್ರರಿ ಒಂದರಲ್ಲಿ ಕೂತಿರುತ್ತದೆ, ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತಿರುತ್ತದೆ. ಮಾಡ್ಯೂಲ್ ಸಿಗಲಿಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಕೆಂಪು ಅಕ್ಷರದಲ್ಲಿ ಪುಟಗಟ್ಟಲೆ ಸುರಿದು, ಕೊನೆಗೆ ಸಿ++ ಬಿಲ್ಡ್ ಟೂಲ್ಸ್ ಬೇಕು ಅಂತ ಬಂದರೆ ಹೆದರಬೇಡಿ. ಪಿಪ್ ಮೊದಲು ನಿಮ್ಮ ಪೈಥಾನ್ ಆವೃತ್ತಿಗೆ ಸಿದ್ಧವಾಗಿ ಕಟ್ಟಿಟ್ಟ ಫೈಲ್ ಇದೆಯೇ ಅಂತ ಹುಡುಕುತ್ತದೆ. ಸಿಗದಿದ್ದರೆ ಮೂಲ ಕೋಡ್ ತಂದು ನಿಮ್ಮ ಯಂತ್ರದಲ್ಲೇ ಕಟ್ಟಲು ಹೋಗುತ್ತದೆ. ಅಲ್ಲಿ ಕಂಪೈಲರ್ ಇಲ್ಲದೆ ಬೀಳುತ್ತದೆ. ತೀರಾ ಹೊಸ ಪೈಥಾನ್ ಹಾಕಿದವರಿಗೆ ಇದು ಆಗುತ್ತದೆ. ಒಂದೆರಡು ಆವೃತ್ತಿ ಹಿಂದಿನ ಪೈಥಾನ್‌ನಲ್ಲಿ ಹೊಸ ಎನ್ವಿರಾನ್‌ಮೆಂಟ್ ಮಾಡಿ ನೋಡಿ, ಸಾಮಾನ್ಯವಾಗಿ ಹೋಗುತ್ತದೆ. ಉಬುಂಟು ಇದ್ದರೆ ಬಿಲ್ಡ್ ಎಸೆನ್ಷಿಯಲ್ ಎಂಬ ಪ್ಯಾಕೇಜ್ ಹಾಕಿಕೊಂಡು ಅಲ್ಲೇ ಕಟ್ಟಿಸಲೂಬಹುದು. ಲ್ಯಾಪ್‌ಟಾಪೇ ಇಲ್ಲದವರು ಗೂಗಲ್ ಕೋಲ್ಯಾಬ್‌ನಲ್ಲಿ ಬ್ರೌಸರ್ ಒಳಗೇ ಇದೆಲ್ಲ ಮಾಡಬಹುದು.

ಇನ್ನೊಂದು ಮಾತು. ನಿಮ್ಮ ಪ್ರೋಗ್ರಾಂ ಫೈಲಿಗೆ ಸಿಎಮ್‌ಟಿಜೆ ಡಾಟ್ ಪಿವೈ ಅಂತ ಹೆಸರಿಡಬೇಡಿ. ಪೈಥಾನ್ ಮೊದಲು ಪ್ರೋಗ್ರಾಂ ಇರುವ ಫೋಲ್ಡರಿನಲ್ಲೇ ಹುಡುಕುವುದರಿಂದ, ಲೈಬ್ರರಿ ಬದಲು ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ. ಆಮೇಲೆ ಲೇಯರ್ ಎಂಬುದೇ ಇಲ್ಲ ಅನ್ನುತ್ತದೆ.

ಮೊದಲು ಕಾಗದದ ಮೇಲೆ

ಎರಡು ಪರ್ಮಲಾಯ್ ಪದರ ತಗೊಳ್ಳೋಣ. ಪರ್ಮಲಾಯ್ ಅಂದರೆ ನಿಕ್ಕಲ್ 80, ಕಬ್ಬಿಣ 20 ಪಾಲಿನ ಮಿಶ್ರಲೋಹ. ಇದರ ಪರ್ಯಾಪ್ತ ಕಾಂತತೆ, ಅಂದರೆ ಎಲ್ಲ ಪರಮಾಣುಗಳೂ ಒಂದೇ ಕಡೆ ನೋಡಿದಾಗಿನ ಕಾಂತತೆ, ಸುಮಾರು 1 ಟೆಸ್ಲಾ. ಒಂದೊಂದರ ದಪ್ಪ 2 ನ್ಯಾನೋಮೀಟರ್. ನಡುವಿನ ಲೋಹ ಅವೆರಡನ್ನೂ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಆ ಜೋಡಣೆಯ ಬಲ ಚದರ ಮೀಟರಿಗೆ ಮೈನಸ್ 0.0001 ಜೌಲ್ ಅಂದುಕೊಳ್ಳಿ. ಪದರದ ಮಟ್ಟದಲ್ಲಿ ಯಾವ ದಿಕ್ಕಿಗೂ ವಿಶೇಷ ಒಲವಿಲ್ಲ.

ಕ್ಷೇತ್ರ ಇಲ್ಲದಾಗ ಬಾಣಗಳು ಎದುರುಬದುರು. ಅಡ್ಡಲಾಗಿ ಕ್ಷೇತ್ರ ಕೊಡುತ್ತ ಹೋದರೆ ಎರಡೂ ಅದರ ಕಡೆ ವಾಲುತ್ತವೆ, ಕತ್ತರಿ ಮುಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚುವ ಕ್ಷೇತ್ರ ಎಷ್ಟು? ಶಕ್ತಿಯ ಸಮೀಕರಣ ಬರೆದು ಕೋನದ ಮೇಲೆ ಒಮ್ಮೆ ಡಿಫರೆನ್ಶಿಯೇಟ್ ಮಾಡಿದರೆ ಸಿಕ್ಕಿಬಿಡುತ್ತದೆ: ಜೋಡಣೆಯ ಬಲದ ಎರಡರಷ್ಟನ್ನು, ಕಾಂತತೆ ಮತ್ತು ದಪ್ಪದ ಗುಣಲಬ್ಧದಿಂದ ಭಾಗಿಸಬೇಕು. 0.0002 ಅನ್ನು 1 ಗುಣಿಸು 0.000000002ರಿಂದ ಭಾಗಿಸಿದರೆ 1,00,000. ಏಕಮಾನ ಆಂಪಿಯರ್ ಪ್ರತಿ ಮೀಟರ್. ಟೆಸ್ಲಾದಲ್ಲಿ ಹೇಳಿದರೆ 0.126. ದಾವಣಗೆರೆಯಲ್ಲಿ ದಿಕ್ಸೂಚಿಯನ್ನು ಅಲ್ಲಾಡಿಸುವ ಭೂಮಿಯ ಕ್ಷೇತ್ರ ಸುಮಾರು 32 ಆಂಪಿಯರ್ ಪ್ರತಿ ಮೀಟರ್. ಅದಕ್ಕಿಂತ ಮೂರು ಸಾವಿರ ಪಟ್ಟು ದೊಡ್ಡ ಕ್ಷೇತ್ರ ಬೇಕಾಯಿತು.

ಇನ್ನೂ ಒಂದು ಸುಖ ಇದೆ. ವಾಲಿದ ಕೋನದ ಕೊಸೈನ್, ಕ್ಷೇತ್ರಕ್ಕೆ ನೇರ ಅನುಪಾತದಲ್ಲಿ ಏರುತ್ತದೆ. 50,000ದಲ್ಲಿ ಕೊಸೈನ್ ಅರ್ಧ, ಅಂದರೆ ಪ್ರತಿ ಬಾಣವೂ ಕ್ಷೇತ್ರದಿಂದ 60 ಡಿಗ್ರಿ. ಎರಡರ ನಡುವೆ 120 ಡಿಗ್ರಿ. ಒಂದೇ ಕಡೆ ಇದ್ದಾಗ ಪ್ರತಿರೋಧ 100 ಓಂ, ಎದುರುಬದುರಾದಾಗ 120 ಓಂ ಅಂದುಕೊಂಡರೆ ಇಡೀ ಗ್ರಾಫನ್ನು ಪೆನ್ಸಿಲಿನಲ್ಲೇ ಎಳೆಯಬಹುದು. ಸೊನ್ನೆಯಲ್ಲಿ 120, 50,000ದಲ್ಲಿ 115, 70,700ರ ಹತ್ತಿರ 110, 1,00,000ದಲ್ಲಿ 100. ಆಮೇಲೆ ಚಪ್ಪಟೆ. ಒಳ್ಳೆಯ ಪ್ಯಾರಾಬೊಲಾ ಅದು. ಈ ಗ್ರಾಫನ್ನು ನೋಟ್‌ಬುಕ್ಕಿನಲ್ಲಿ ಎಳೆದಿಟ್ಟುಕೊಂಡೇ ಲ್ಯಾಪ್‌ಟಾಪ್ ತೆರೆಯಿರಿ.

ಈಗ ಲೈಬ್ರರಿಯಲ್ಲಿ

ಪ್ರತಿ ಪದರಕ್ಕೂ ಒಂದು ಲೇಯರ್ ಮಾಡಬೇಕು. ಅದಕ್ಕೆ ಹೆಸರು, ಬಾಣದ ಆರಂಭದ ದಿಕ್ಕು, ಅನೈಸೊಟ್ರಪಿಯ ದಿಕ್ಕು, ಪರ್ಯಾಪ್ತ ಕಾಂತತೆ, ದಪ್ಪ, ಮೇಲ್ಮೈ ವಿಸ್ತೀರ್ಣ, ಡೀಮ್ಯಾಗ್ನೆಟೈಸೇಶನ್ ಟೆನ್ಸರ್, ಡ್ಯಾಂಪಿಂಗ್ (ಸುತ್ತು ಎಷ್ಟು ಬೇಗ ಕುಗ್ಗುತ್ತದೆ ಎಂಬ ಸಂಖ್ಯೆ) ಕೊಡುತ್ತೀರಿ. ದಿಕ್ಕುಗಳನ್ನು ಸಿವೆಕ್ಟರ್ ಎಂಬ ಮೂರು ಸಂಖ್ಯೆಯ ಗುಂಪಾಗಿ ಕೊಡಬೇಕು. ಟೆನ್ಸರ್ ಅಂದರೆ ಅಂಥ ಮೂರು ಸಾಲು. ತೆಳು ಪದರಕ್ಕೆ ಎಲ್ಲವೂ ಸೊನ್ನೆ, ಕೊನೆಯ ಸಾಲಿನ ಕೊನೆಯದು ಮಾತ್ರ 1. ಆಮೇಲೆ ಎರಡೂ ಲೇಯರ್ ಸೇರಿಸಿ ಒಂದು ಜಂಕ್ಷನ್ ಮಾಡಿ, 100 ಮತ್ತು 120 ಓಂ ಅನ್ನೂ ಅದಕ್ಕೇ ಹೇಳಿ.

ಜೋಡಣೆ, ಅನೈಸೊಟ್ರಪಿ, ಹೊರಗಿನ ಕ್ಷೇತ್ರ ಇವು ಮೂರನ್ನೂ ಡ್ರೈವರ್ ರೂಪದಲ್ಲಿ ಕೊಡಬೇಕು. ಸಮಯ ಹೋದಂತೆ ಒಂದು ಬೆಲೆ ಹೇಗೆ ಬದಲಾಗಬೇಕು ಎಂಬುದನ್ನು ಡ್ರೈವರ್ ಹೇಳುತ್ತದೆ. ಸ್ಥಿರವಾಗಿರಬಹುದು, ಸೈನ್ ಅಲೆಯಾಗಿರಬಹುದು, ಒಂದು ಪಲ್ಸ್ ಆಗಿರಬಹುದು. ನಮಗೀಗ ಸ್ಥಿರ ಸಾಕು. ಒಂದು ಕ್ಷೇತ್ರ ಇಡಿ, 10 ನ್ಯಾನೋಸೆಕೆಂಡ್ ಓಡಿಸಿ, ಲಾಗ್, ಅಂದರೆ ಲೆಕ್ಕದ ದಾಖಲೆ, ತೆಗೆದು ಕೊನೆಯ ಭಾಗದ ಸರಾಸರಿ ಬರೆದುಕೊಳ್ಳಿ, ಲಾಗ್ ಅಳಿಸಿ, ಮುಂದಿನ ಕ್ಷೇತ್ರಕ್ಕೆ ಹೋಗಿ. ಬಾಣಗಳು ಹಿಂದಿನ ಸಲ ನಿಂತಲ್ಲಿಂದಲೇ ಮುಂದುವರಿಯುತ್ತವೆ. ಲಾಗ್ ಅಳಿಸುವುದನ್ನು ಮರೆತರೆ ಹಳೆಯ ದತ್ತಾಂಶದ ಮೇಲೆ ಹೊಸದು ಸೇರುತ್ತಾ ಮೆಮೊರಿ ತುಂಬುತ್ತದೆ, ಸರಾಸರಿಯೂ ಕೆಡುತ್ತದೆ. ಸೊನ್ನೆಯಿಂದ 1,50,000ದವರೆಗೆ ಐದೈದು ಸಾವಿರದ ಮೆಟ್ಟಿಲು ಹಾಕಿದರೆ ಸುಮಾರು 3 ಲಕ್ಷ ಹೆಜ್ಜೆಯ ಲೆಕ್ಕ. ಸಾಧಾರಣ ಲ್ಯಾಪ್‌ಟಾಪಿಗೂ ಇದು ದೊಡ್ಡದೇನಲ್ಲ. ದೊಡ್ಡ ಲೆಕ್ಕ ಓಡಿಸುವಾಗ ಮಾತ್ರ ಪ್ರತಿ ಮೆಟ್ಟಿಲಿನ ಉತ್ತರವನ್ನೂ ಆಗಾಗ್ಗೆ ಫೈಲಿಗೆ ಬರೆಸಿ. ನಮ್ಮೂರ ಕರೆಂಟಿನ ವಿಷಯ ನಿಮಗೆ ಹೇಳಬೇಕಾಗಿಲ್ಲ.

ಡ್ಯಾಂಪಿಂಗ್ ಪರ್ಮಲಾಯ್‌ಗೆ ನಿಜದಲ್ಲಿ 0.01ರ ಆಸುಪಾಸು. ಆದರೆ ಇಲ್ಲಿ ನಮಗೆ ಬೇಕಿರುವುದು ಬಾಣ ಕೊನೆಗೆ ಎಲ್ಲಿ ನಿಲ್ಲುತ್ತದೆ ಅನ್ನೋದು ಮಾತ್ರ. ದಾರಿ ಬೇಕಿಲ್ಲ. ಹಾಗಾಗಿ 0.1 ಇಟ್ಟರೆ ಬೇಗ ನಿಲ್ಲುತ್ತದೆ, ನಿಲ್ಲುವ ಜಾಗ ಅದೇ. ಆವರ್ತನ ನೋಡುವ ಲೆಕ್ಕಕ್ಕೆ ಹೋದಾಗ ಮತ್ತೆ ನಿಜವಾದ ಬೆಲೆಗೆ ಬರಲೇಬೇಕು.

ಕದಲದ ಗೆರೆ

ತೋಳಹುಣಸೆಯ ಕಡೆಯಿಂದ ಬಂದ ಒಬ್ಬ ವಿದ್ಯಾರ್ಥಿನಿ ಇದನ್ನೇ ಮಾಡಿ ತೋರಿಸಿದಳು. "ಸರ್, ಎಲ್ಲ ಸರಿಯಾಗೇ ಹಾಕಿದೀನಿ, ಗೆರೆ ಅಲ್ಲಾಡ್ತಾನೇ ಇಲ್ಲ" ಅಂದಳು. ಪ್ರತಿರೋಧ ಮೊದಲಿಂದ ಕೊನೆವರೆಗೂ 100 ಓಂ. ಕ್ಷೇತ್ರ ಸೊನ್ನೆಗಿಳಿದರೂ 100. ಉಲ್ಟಾ ಮಾಡಿದರೂ 100. ಎರರ್ ಒಂದೂ ಇಲ್ಲ.

ಅವಳು ದೊಡ್ಡ ಕ್ಷೇತ್ರದಿಂದ ಶುರು ಮಾಡಿ ಇಳಿಸುತ್ತಾ ಬಂದಿದ್ದಳು. ಪ್ರಯೋಗಾಲಯದಲ್ಲಿ ಎಲ್ಲರೂ ಹಾಗೇ ಮಾಡುವುದು. ಎರಡೂ ಬಾಣಗಳನ್ನು ಸರಿಯಾಗಿ ಎಕ್ಸ್ ದಿಕ್ಕಿಗೆ ಇಟ್ಟಿದ್ದಳು, ಕ್ಷೇತ್ರವೂ ಎಕ್ಸ್ ದಿಕ್ಕಿಗೆ. ಎಲ್‌ಎಲ್‌ಜಿ ಸಮೀಕರಣದಲ್ಲಿ ಬಾಣವನ್ನು ತಿರುಗಿಸುವುದು ಬಾಣ ಮತ್ತು ಕ್ಷೇತ್ರದ ಕ್ರಾಸ್ ಪ್ರಾಡಕ್ಟ್. ಎರಡೂ ಒಂದೇ ಗೆರೆಯ ಮೇಲಿದ್ದರೆ ಅದು ಸೊನ್ನೆ. ಕ್ಷೇತ್ರ ಪೂರ್ತಿ ಉಲ್ಟಾ ಆದರೂ ಸೊನ್ನೆಯೇ. ಜೋಡಣೆಯ ಕ್ಷೇತ್ರವೂ ಅದೇ ಗೆರೆಯ ಮೇಲೆ, ಅದರಿಂದಲೂ ತಿರುಚು ಹುಟ್ಟುವುದಿಲ್ಲ. ನಿಜವಾದ ಪದರದಲ್ಲಿ ಉಷ್ಣದ ಕಂಪನ ಬಾಣವನ್ನು ಸದಾ ಕೊಂಚ ಅಲ್ಲಾಡಿಸುತ್ತಿರುತ್ತದೆ. ನಮ್ಮ ಲೆಕ್ಕದಲ್ಲಿ ತಾಪಮಾನ ಸೊನ್ನೆ.

ಕ್ಷೇತ್ರವನ್ನು ಒಂದು ಡಿಗ್ರಿ ಓರೆ ಮಾಡು ಅಂದೆ. ಮಾಡಿದಳು. ಬಾಣಗಳು ತಿರುಗಿದವು, ಆದರೆ ಪ್ರತಿರೋಧ ಇನ್ನೂ 100 ಓಂ. ಇಲ್ಲಿ ನನಗೆ ತುಂಬಾ ಇಷ್ಟವಾಗುವ ವಿಷಯ ಇದೆ. ಎರಡು ಪದರಗಳು ಎಲ್ಲ ರೀತಿಯಲ್ಲೂ ಒಂದೇ. ಶುರುವಾದ ದಿಕ್ಕೂ ಒಂದೇ. ಅವುಗಳ ಮೇಲಿನ ಕ್ಷೇತ್ರವೂ ಒಂದೇ. ಹಾಗಾದರೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಹೋಗಲು ಸಮೀಕರಣದಲ್ಲಿ ಯಾವ ಕಾರಣವೂ ಇಲ್ಲ. ಓರೆ ಕ್ಷೇತ್ರ ಎರಡನ್ನೂ ಒಂದೇ ಕಡೆಗೆ ಒಟ್ಟಿಗೆ ಎಳೆಯುತ್ತದೆ. ಕೈ ಕೈ ಹಿಡಿದ ಹಾಗೆ ಎರಡೂ ಸುತ್ತುತ್ತವೆ, ಬೇರೆಯಾಗುವುದೇ ಇಲ್ಲ. ಬೇರೆಯಾಗಬೇಕಾದರೆ ಆರಂಭದಲ್ಲೇ ವ್ಯತ್ಯಾಸ ಇರಬೇಕು.

ಕೊನೆಗೆ ಅವಳು ಸೊನ್ನೆ ಕ್ಷೇತ್ರದಿಂದ ಶುರು ಮಾಡಿದಳು. ಒಂದು ಬಾಣ ಪ್ಲಸ್ ವೈ ಕಡೆ, ಇನ್ನೊಂದು ಮೈನಸ್ ವೈ ಕಡೆ, ಕ್ಷೇತ್ರ ಎಕ್ಸ್ ಕಡೆ ಏರುತ್ತಾ ಹೋಯಿತು. 50,000ದಲ್ಲಿ 115 ಓಂ. ನೋಟ್‌ಬುಕ್ಕಿನ ಪ್ಯಾರಾಬೊಲಾದ ಮೇಲೆ ಚುಕ್ಕಿಗಳು ಬಂದು ಕೂತವು. ಸರಿಯಾಗಿ 1,00,000ದ ಮೂಲೆಯಲ್ಲಿ ಮಾತ್ರ ಸ್ವಲ್ಪ ದುಂಡಾಗಿ ಕಾಣಬಹುದು. ಅಲ್ಲಿ ಹೊರಗಿನ ಕ್ಷೇತ್ರ ಮತ್ತು ಜೋಡಣೆ ಸಮಬಲವಾಗಿ, ಬಾಣ ತನ್ನ ಜಾಗಕ್ಕೆ ಬಂದು ನಿಲ್ಲಲು ತುಂಬಾ ಹೊತ್ತು ತಗೊಳ್ಳುತ್ತದೆ. ಆ ಚುಕ್ಕಿಗೆ ಜಾಸ್ತಿ ಸಮಯ ಕೊಡಿ.

ಕಾಗದದ ಮೇಲಿನ ಗ್ರಾಫ್ ಇರದಿದ್ದರೆ ಆ 100 ಓಂ ಗೆರೆಯನ್ನೇ, ಜೋಡಣೆ ತುಂಬಾ ದುರ್ಬಲ ಅಂತ ಅರ್ಥಮಾಡಿ ವರದಿಯಲ್ಲಿ ಬರೆದುಬಿಡುವ ಸಾಧ್ಯತೆ ಇತ್ತು.

ಏಕಮಾನ ನೋಡಿಕೊಳ್ಳಿ

ಸಿಎಮ್‌ಟಿಜೆ ಪರ್ಯಾಪ್ತ ಕಾಂತತೆಯನ್ನು ಟೆಸ್ಲಾದಲ್ಲಿ ಕೇಳುತ್ತದೆ, ಕ್ಷೇತ್ರವನ್ನು ಆಂಪಿಯರ್ ಪ್ರತಿ ಮೀಟರಿನಲ್ಲಿ. ಮುಮ್ಯಾಕ್ಸ್3 ಎಂಬ ಇನ್ನೊಂದು ಹೆಸರಾಂತ ಪ್ರೋಗ್ರಾಂ ಇದಕ್ಕೆ ಪೂರ್ತಿ ಉಲ್ಟಾ: ಕಾಂತತೆ ಆಂಪಿಯರ್ ಪ್ರತಿ ಮೀಟರಿನಲ್ಲಿ, ಕ್ಷೇತ್ರ ಟೆಸ್ಲಾದಲ್ಲಿ. ಹಳೆಯ ಪಠ್ಯಪುಸ್ತಕ, ಪ್ರಬಂಧಗಳಲ್ಲಿ ಅರ್ಸ್ಟೆಡ್, ಇಎಮ್‌ಯು ಎಂಬ ಹಳೆಯ ಏಕಮಾನಗಳು ಇರುತ್ತವೆ. ಪರ್ಮಲಾಯ್‌ನ ಕಾಂತತೆ ಒಂದು ಕಡೆ 1 ಅಂತಲೂ, ಇನ್ನೊಂದು ಕಡೆ 8 ಲಕ್ಷ ಅಂತಲೂ, ಮತ್ತೊಂದು ಕಡೆ 800 ಅಂತಲೂ ಕಂಡರೆ ಮೂರೂ ಸರಿಯೇ. 8 ಲಕ್ಷವನ್ನು ತಂದು ಸಿಎಮ್‌ಟಿಜೆಗೆ ಹಾಕಿದರೆ ಅದು 8 ಲಕ್ಷ ಟೆಸ್ಲಾ ಅಂದುಕೊಳ್ಳುತ್ತದೆ. ಬಾಣ ಊಹೆಗೂ ಮೀರಿದ ವೇಗದಲ್ಲಿ ಸುತ್ತಿ, ಲೆಕ್ಕ ಒಡೆದು, ಉತ್ತರದಲ್ಲಿ ಸಂಖ್ಯೆಯ ಬದಲು, ಇದು ಸಂಖ್ಯೆಯಲ್ಲ ಎಂಬರ್ಥದ ನ್ಯಾನ್ ಬರುತ್ತದೆ. ಇದು ಒಳ್ಳೆಯ ತಪ್ಪು, ಕಣ್ಣಿಗೆ ಕಾಣುತ್ತದೆ. ಕ್ಷೇತ್ರವನ್ನು ಟೆಸ್ಲಾದಲ್ಲಿ ಕೊಟ್ಟರೆ ಕೆಟ್ಟದ್ದು. 0.126 ಆಂಪಿಯರ್ ಪ್ರತಿ ಮೀಟರ್ ಅಂದರೆ ಏನೂ ಇಲ್ಲದ ಹಾಗೆ. ಬಾಣಗಳು ಸುಮ್ನೆ ನಿಂತಿರುತ್ತವೆ. ಎರರ್ ಬರುವುದಿಲ್ಲ.

ದಪ್ಪ ಮೀಟರಿನಲ್ಲಿ, ಸಮಯ ಸೆಕೆಂಡಿನಲ್ಲಿ, ಅನೈಸೊಟ್ರಪಿ ಘನ ಮೀಟರಿಗೆ ಜೌಲ್‌ನಲ್ಲಿ. ಪ್ರೋಗ್ರಾಮಿನ ಮೊದಲ ಸಾಲುಗಳಲ್ಲೇ ಪ್ರತಿ ಬೆಲೆಯ ಪಕ್ಕ ಏಕಮಾನವನ್ನು ಕಾಮೆಂಟ್ ಆಗಿ ಬರೆದಿಡಿ.

ಮುಂದಿನ ಹೆಜ್ಜೆ

ಅದೇ ಜಂಕ್ಷನ್‌ನಲ್ಲಿ ಆವರ್ತನ ನೋಡಬಹುದು. ಕ್ಷೇತ್ರ ಸೊನ್ನೆ ಇರಲಿ, ಡ್ಯಾಂಪಿಂಗ್ 0.01 ಮಾಡಿ. ಎಕ್ಸ್ ದಿಕ್ಕಿಗೆ ಒಂದು ಚಿಕ್ಕ ಪಲ್ಸ್ ಕೊಟ್ಟರೆ ಬಾಣಗಳ ಕತ್ತರಿ ತೆರೆದು ಮುಚ್ಚುತ್ತಾ ಮಿಡಿಯುತ್ತದೆ. ಲಾಗ್‌ನಲ್ಲಿರುವ ಎಕ್ಸ್ ಭಾಗವನ್ನು ನಮ್‌ಪೈನ ಫೂರಿಯರ್ ಟ್ರಾನ್ಸ್‌ಫಾರ್ಮಿಗೆ ಕೊಡಿ. ಇದಕ್ಕೂ ಕೈಲೆಕ್ಕ ಇದೆ: ಕತ್ತರಿ ಮುಚ್ಚುವ ಕ್ಷೇತ್ರ 0.126 ಟೆಸ್ಲಾ ಮತ್ತು ಕಾಂತತೆ 1 ಟೆಸ್ಲಾ, ಇವುಗಳ ಗುಣಲಬ್ಧದ ವರ್ಗಮೂಲವನ್ನು 28ರಿಂದ (ಒಂದು ಟೆಸ್ಲಾಗೆ ಇಷ್ಟು ಗಿಗಾಹರ್ಟ್ಸ್) ಗುಣಿಸಿದರೆ 9.9 ಗಿಗಾಹರ್ಟ್ಸ್. ಶಿಖರ 10ರ ಹತ್ತಿರ ಬರಬೇಕು. 10 ನ್ಯಾನೋಸೆಕೆಂಡ್ ಓಡಿಸಿದ್ದರೆ ಆವರ್ತನದ ಮೆಟ್ಟಿಲು 0.1 ಗಿಗಾಹರ್ಟ್ಸ್ ಇರುತ್ತದೆ, ಅಷ್ಟು ಆಚೀಚೆ ಸಹಜ. ಶಕ್ತಿಯ ಸಮೀಕರಣದಿಂದಲೇ ಆವರ್ತನ ಕಂಡುಹಿಡಿಯುವ ಸ್ಮಿತ್-ಬೆಲ್ಯರ್ಸ್ ವಿಧಾನವೂ ಲೈಬ್ರರಿಯಲ್ಲಿದೆ. ಒಂದೇ ಉತ್ತರವನ್ನು ಎರಡು ದಾರಿಯಲ್ಲಿ ಪಡೆದು ಹೋಲಿಸಬಹುದು.

ಎಂರ‍್ಯಾಮ್‌ನ ಹಾಗೆ ಬಾಣ ಮೇಲ್ಮುಖವಾಗಿ ನಿಲ್ಲಬೇಕಾದರೆ ಅನೈಸೊಟ್ರಪಿ ಡೀಮ್ಯಾಗ್ನೆಟೈಸಿಂಗ್ ಶಕ್ತಿಯನ್ನು ಗೆಲ್ಲಬೇಕು. 1 ಟೆಸ್ಲಾ ಪದರಕ್ಕೆ ಆ ಗಡಿ ಘನ ಮೀಟರಿಗೆ ಹತ್ತಿರ ಹತ್ತಿರ 4 ಲಕ್ಷ ಜೌಲ್. 3.9 ಲಕ್ಷ ಕೊಟ್ಟರೆ ಬಾಣ ಮಲಗಬೇಕು, 4.1 ಕೊಟ್ಟರೆ ಏಳಬೇಕು. ಎರಡನ್ನೂ ಓಡಿಸಿ ನೋಡಿ. ಆರಂಭದ ದಿಕ್ಕನ್ನು ಓರೆಯಾಗಿ ಇಡುವುದನ್ನು ಮಾತ್ರ ಮರೆಯಬೇಡಿ.

ಇಡೀ ಪದರ ಒಂದೇ ಬಾಣ ಎಂಬ ಊಹೆ ಮುರಿಯುವ ಜಾಗವೂ ಇದೆ. ಅಗಲವಾದ ಪದರದಲ್ಲಿ ಒಂದು ಭಾಗ ಒಂದು ಕಡೆ, ಇನ್ನೊಂದು ಭಾಗ ಇನ್ನೊಂದು ಕಡೆ ನೋಡುವ ಡೊಮೈನ್‌ಗಳು ಹುಟ್ಟುತ್ತವೆ. ಅವುಗಳ ಗೋಡೆ, ಸುಳಿ, ಸ್ಕಿರ್ಮಿಯಾನ್ ಎಂಬ ಸುರುಳಿ ವಿನ್ಯಾಸ ಇವೆಲ್ಲ ಸಿಎಮ್‌ಟಿಜೆಗೆ ಕಾಣುವುದಿಲ್ಲ. ಅದಕ್ಕೆ ಪದರವನ್ನು ಕೆಲವೇ ನ್ಯಾನೋಮೀಟರಿನ ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುವ ಊಮ್ಫ್ ಅಥವಾ ಮುಮ್ಯಾಕ್ಸ್3 ಬೇಕು. ಮೊದಲನೆಯದು ಅಮೆರಿಕದ ಮಾಪನ ಸಂಸ್ಥೆ ಎನ್‌ಐಎಸ್‌ಟಿಯದು, ಸಾಮಾನ್ಯ ಕಂಪ್ಯೂಟರಿನಲ್ಲಿ ಓಡುತ್ತದೆ, ನಿಧಾನ. ಎರಡನೆಯದು ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ್ದು, ಬಲು ವೇಗ, ಆದರೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಪ್ರಾಜೆಕ್ಟಿಗೆ ಡೊಮೈನ್ ಬೇಕಾಗದಿದ್ದರೆ ಅಲ್ಲಿಗೆ ಹೋಗುವ ಅವಸರ ಬೇಡ. ಪ್ರತಿರೋಧದ ಗ್ರಾಫ್, ಆವರ್ತನದ ಗ್ರಾಫ್, ಪದರದ ದಪ್ಪ ಬದಲಾದರೆ ಏನಾಗುತ್ತದೆ ಎಂಬುದಷ್ಟೇ ಒಂದು ಸೆಮಿಸ್ಟರಿಗೆ ತುಂಬುವಷ್ಟು ಕೆಲಸ.

ವರದಿ ಬರೆಯುವಾಗ ಗ್ರಾಫಿನ ಕೆಳಗೆ ಲೈಬ್ರರಿಯ ಆವೃತ್ತಿ, ಪೈಥಾನ್ ಆವೃತ್ತಿ, ಸಮಯದ ಹೆಜ್ಜೆ, ಡ್ಯಾಂಪಿಂಗ್, ಎರಡೂ ಬಾಣಗಳ ಆರಂಭದ ದಿಕ್ಕು ಇಷ್ಟನ್ನೂ ಬರೆಯಿರಿ. ಪಿಪ್ ಫ್ರೀಜ್ ಎಂಬ ಕಮಾಂಡ್ ಕೊಡುವ, ಹಾಕಿಕೊಂಡ ಲೈಬ್ರರಿಗಳ ಪಟ್ಟಿಯನ್ನು ಪ್ರೋಗ್ರಾಂ ಜೊತೆಗೇ ಪೆನ್‌ಡ್ರೈವಿಗೆ ಹಾಕಿ ವಿಭಾಗದಲ್ಲಿ ಕೊಟ್ಟುಬಿಡಿ. ಮುಂದಿನ ವರ್ಷ ಬರುವವರು ಅದನ್ನು ಓಡಿಸಿ, ಅದೇ ಗೆರೆ ಪಡೆದು, ಮೂರನೆಯ ಪದರ ಸೇರಿಸಬಹುದು.